ತನ್ನ ಬೆನ್ನು ತಾನು ತುಳಿಯಲಾಗದ ಜುಂಜಮ್ಮ

ಬಿ.ಜಿ. ಕೆರೆಯ ಜುಂಜಮ್ಮ ಹುಟ್ಟುವಾಗ ಮೊದಲು ಹೊರಗೆ ಬಂದದ್ದು ಅವಳ ಬಲಗಾಲು. ತಲೆ ಆಮೇಲೆ ಬಂತು. ಸೂಲಗಿತ್ತಿ ಹೆದರಿ ಬೆವೆತುಹೋದಳಂತೆ, ಹೆತ್ತ ರಂಗಕ್ಕ ಅರೆಜೀವವಾದಳಂತೆ. ತಾಯಿ ಮಗು ಇಬ್ಬರೂ ಉಳಿದುಕೊಂಡರು ಅಂತ ಗೊತ್ತಾದ ಮೇಲೆ ಮಾತ್ರ ಕೇರಿಗೆಲ್ಲ ಖುಷಿಯೋ ಖುಷಿ. ಕಾಲು ಮುಂದಾಗಿ ಹುಟ್ಟಿದವರು ಸೊಂಟ ತುಳಿದರೆ ಎಂಥ ಉಳುಕಾದರೂ ಬಿಟ್ಟುಹೋಗುತ್ತದೆ ಎಂಬುದು ಈ ಕಡೆಯವರ ನಂಬಿಕೆ. ಹುಡುಗಿಗೆ ಆರು ವರ್ಷ ತುಂಬುವುದನ್ನೇ ಕಾಯುತ್ತಿದ್ದವರ ಹಾಗೆ ಜನ ಬರತೊಡಗಿದರು. ಭಾನುವಾರ ಬೆಳಗಾಯಿತೆಂದರೆ ಅಂಗಳದ ಗೋಣಿಚೀಲದ ಮೇಲೆ ಮೀಸೆ ಹೊತ್ತ ಗಂಡಸರು ಬೋರಲು ಬಿದ್ದಿರುತ್ತಿದ್ದರು. ಜುಂಜಮ್ಮ ಅವ್ವನ ಕೈ ಹಿಡಿದುಕೊಂಡು ಅವರ ಸೊಂಟದ ಮೇಲೆ ಬಲಗಾಲಿಟ್ಟು ಮೂರು ಸಲ ಒತ್ತುತ್ತಿದ್ದಳು.

ಈಗ ಅವಳಿಗೆ ಐವತ್ತನಾಲ್ಕು. ಊರಲ್ಲಿದ್ದರೆ ತುಳಿಯುವುದನ್ನು ಒಂದು ಭಾನುವಾರವೂ ಬಿಟ್ಟವಳಲ್ಲ. ದುಡ್ಡು ಮುಟ್ಟುವಂತಿಲ್ಲ, ಮುಟ್ಟಿದರೆ ಕಾಲಿನ ಗುಣ ಹೋಗುತ್ತದೆ. ತುಳಿಸಿಕೊಂಡವರು ತಿರುಗಿ ನೋಡದೆ ಹೋಗಬೇಕು. ಇದೆಲ್ಲ ಅವಳ ಅವ್ವ ಹೇಳಿಕೊಟ್ಟ ಕಟ್ಟಳೆ. ಒಂದನ್ನು ಮಾತ್ರ ಜುಂಜಮ್ಮ ತಾನೇ ಸೇರಿಸಿಕೊಂಡಿದ್ದಳು. ಕಾಲು ಎತ್ತುವ ಮೊದಲು ಕೇಳುತ್ತಿದ್ದಳು:

"ಮಲಗಿದ್ರೆ ನೋವು ಇಳಿತೈತಾ, ಇಲ್ವಾ? ನಿಜ ಹೇಳು."

ಇಳಿಯುತ್ತದೆ ಎಂದರೆ ತುಳಿಯುತ್ತಿದ್ದಳು. ಮಲಗಿದರೂ ಇಳಿಯದು, ಮಲಗಿದರೇ ಜಾಸ್ತಿ ಎಂದವರನ್ನು, "ಇದು ನನ್ನ ಕಾಲಿಗೆ ಬಗ್ಗೋ ನೋವಲ್ಲ ಕಣಪ್ಪ, ಎದ್ದೇಳು, ದೊಡ್ಡಾಸ್ಪತ್ರೆಗೆ ಹೋಗು" ಎಂದು ಎಬ್ಬಿಸಿ ಕಳಿಸುತ್ತಿದ್ದಳು. ನಲವತ್ತೆಂಟು ವರ್ಷ ಊರವರ ಬೆನ್ನಿನ ಮೇಲೆ ಕಾಲಿಟ್ಟವಳಿಗೆ ಅಷ್ಟು ತಿಳಿವಳಿಕೆ ಬಂದಿತ್ತು. ತಳಕು ಊರಿನ ಒಬ್ಬ ಮೇಷ್ಟ್ರನ್ನು ಹೀಗೆ ಹೇಳಿ ಕಳಿಸಿದಾಗ, ಅವರ ಮೂತ್ರಪಿಂಡದಲ್ಲಿ ಕಲ್ಲು ಸಿಕ್ಕಿತ್ತು. ಆ ಕತೆಯನ್ನು ಅವಳು ಹೇಳದೆ ಬಿಟ್ಟವರು ಯಾರೂ ಇಲ್ಲ.

ಇಷ್ಟು ತಿಳಿದ ಹೆಂಗಸು ತನ್ನ ವಿಷಯಕ್ಕೆ ಬಂದಾಗ ಎಂಥ ಕೆಲಸ ಮಾಡಿಕೊಂಡಳು ಅಂತ ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ.

ಮೊದಲೇ ಅವಳು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಕೂತು ಉಂಡದ್ದನ್ನು ಕಂಡವರಿಲ್ಲ. ಗಂಡ ದುರುಗಣ್ಣ ಲಾರಿ ಕ್ಲೀನರ್ ಆಗಿದ್ದ, ಹೆದ್ದಾರಿಯಲ್ಲಿ ಆದ ಅಪಘಾತದಲ್ಲಿ ಹೋದ. ಆಗ ಒಬ್ಬಳೇ ಮಗಳು ದಿವ್ಯಾ ನಾಲ್ಕನೇ ಕ್ಲಾಸು. ಜುಂಜಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸಕ್ಕೆ ಸೇರಿ ಮಗಳನ್ನು ಓದಿಸಿದಳು. ದಿವ್ಯಾ ಚಳ್ಳಕೆರೆಯ ಒಂದು ಶಾಲೆಯಲ್ಲಿ ಟೀಚರಾದಳು. ಅವಳಿಗೆ ಮದುವೆ ಮಾತು ನಡೆಯುತ್ತಿರುವಾಗಲೇ ಜುಂಜಮ್ಮನ ಎಡಗಡೆ ಎದೆಯಲ್ಲಿ ಗಂಟು ಕಂಡಿತು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಆ ಎದೆಯನ್ನು ತೆಗೆದರು. ಆಮೇಲೆ ಕೂದಲುದುರುವ ಔಷಧಿ, ಆಮೇಲೆ ಕರೆಂಟು. ಕರೆಂಟು ಅಂದರೆ ರೇಡಿಯೇಷನ್ನು, ನಮ್ಮ ಕಡೆ ಎಲ್ಲರೂ ಹಾಗೇ ಅನ್ನುವುದು. ಹತ್ತು ತಿಂಗಳು ಆಸ್ಪತ್ರೆ ಮನೆ ಅಂತ ಅಲೆದರೂ ಜುಂಜಮ್ಮ ಹಣ್ಣಾಗಲಿಲ್ಲ. ದಿನಕ್ಕೊಂದು ಮಾತ್ರೆ ನುಂಗುತ್ತ, ಕುಪ್ಪಸದ ಎಡಗಡೆಗೆ ಹಳೇ ಸೀರೆಯ ಬಟ್ಟೆಯನ್ನು ಉಂಡೆಮಾಡಿ ಇಟ್ಟುಕೊಂಡು ಮತ್ತೆ ಅಡುಗೆ ಕೋಣೆಗೆ ಬಂದಳು. ಮಗಳ ಮದುವೆಯನ್ನೂ ಮಾಡಿದಳು. ಅಳಿಯ ಶಶಿಕಾಂತ್ ಚಳ್ಳಕೆರೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡ ಹುಡುಗ, ಮಾತು ಕಮ್ಮಿ. "ಮುಗೀತು ಬಿಡು, ಬಂದಿತ್ತು, ಹೋತು" ಎಂದು ಜುಂಜಮ್ಮ ಕೈ ಝಾಡಿಸಿಬಿಟ್ಟಳು. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುವುದೊಂದು ಉಳಿದಿತ್ತು, ಅಷ್ಟೇ.

ಸೊಂಟದ ನೋವು ಶುರುವಾದದ್ದು ಕಳೆದ ದಸರೆ ಆದ ಮೇಲೆ. ಶಾಲೆಯಲ್ಲಿ ಸಾಂಬಾರಿನ ದಬರಿಯನ್ನು ಜೊತೆಗಾತಿ ಚಿನ್ನಕ್ಕನೊಂದಿಗೆ ಇಳಿಸುವಾಗ ಸೊಂಟದ ನಡುಮಧ್ಯೆ ಚಳಕ್ ಎಂದಿತು. ಜುಂಜಮ್ಮ ಅದನ್ನು ಲೆಕ್ಕಕ್ಕೇ ಇಡಲಿಲ್ಲ. ದಬರಿ ಎತ್ತುವವರಿಗೆ ಉಳುಕು ಬರದೆ ಇನ್ನೇನು? ವಾರ ಕಳೆಯಿತು, ಹೋಗಲಿಲ್ಲ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಂಡಳು, ಹೋಗಲಿಲ್ಲ. ಓಡಾಡುತ್ತಿದ್ದರೆ ಹೇಗೋ ತಡೆಯಬಹುದಿತ್ತು. ಚಾಪೆಗೆ ಬೆನ್ನು ತಾಗಿಸಿದರೆ ಸಾಕು, ಒಳಗಿನಿಂದ ಕೊರೆದ ಹಾಗೆ ಆಗುತ್ತಿತ್ತು. ಎಡಕ್ಕೆ ಹೊರಳಿದರೂ ಅದೇ, ಬಲಕ್ಕೆ ಹೊರಳಿದರೂ ಅದೇ. ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸುತ್ತಿದ್ದಳು. ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಿದ್ದಳು. ಕೇರಿಯವರು, "ಏನ್ ಚಟುವಟಿಕೆ ನೋಡ್ರೇ ಈಯಮ್ಮಂದು!" ಎಂದು ಹೊಗಳಿದರು. ಮಲಗಲಾಗದೆ ಎದ್ದು ಬಂದವಳೆಂದು ಯಾರಿಗೆ ಗೊತ್ತು?

ಬೇರೆಯವರ ಬಾಯಿಂದ ಈ ಮಾತು ಕೇಳಿದ್ದರೆ ಜುಂಜಮ್ಮ ಅವರನ್ನು ಆಸ್ಪತ್ರೆಗೆ ಅಟ್ಟಿರುತ್ತಿದ್ದಳು. ತನ್ನನ್ನು ತಾನು ಮಾತ್ರ ಕೇಳಿಕೊಳ್ಳಲಿಲ್ಲ.

ನವೆಂಬರಿನಲ್ಲಿ ಬೆಂಗಳೂರಿಗೆ ಹೋದಾಗ ಡಾಕ್ಟರ್ ನಾಗರತ್ನ ಎಂದಿನಂತೆ ಎದೆ, ಕಂಕುಳು ಎಲ್ಲ ಮುಟ್ಟಿ ನೋಡಿದರು. ಚೆನ್ನಾಗಿದೆ ಎಂದರು. "ಬೇರೆ ಎಲ್ಲಾದರೂ ನೋವು? ಬೆನ್ನು, ಸೊಂಟ, ಪಕ್ಕೆಲುಬು?" ಎಂದು ಕೇಳಿದರು. ಪಕ್ಕದಲ್ಲಿ ದಿವ್ಯಾ ಕೂತಿದ್ದಳು. ಜುಂಜಮ್ಮ ತಲೆಯಾಡಿಸಿದಳು. "ಏನಿಲ್ಲ ಮೇಡಂ, ಕಲ್ಲುಗುಂಡಿನಂಗೆ ಇದೀನಿ." ಸುಳ್ಳು ಹೇಳಬೇಕೆಂದೇನೂ ಹೇಳಿದ್ದಲ್ಲ. ಈ ಡಾಕ್ಟರು ಇರುವುದು ಎದೆಗೆ, ಸೊಂಟ ತನ್ನ ಇಲಾಖೆ ಎಂದು ಅವಳ ಲೆಕ್ಕಾಚಾರ. ಸೊಂಟ ತುಳಿಯುವ ಜುಂಜಮ್ಮನಿಗೇ ಸೊಂಟ ನೋವು ಎಂದು ಬಾಯಿಬಿಟ್ಟು ಹೇಳುವುದಕ್ಕೆ ನಾಚಿಕೆಯೂ ಆಗಿತ್ತು.

ಎರಡನೇ ಸುಳ್ಳು ಮೇ ತಿಂಗಳಲ್ಲಿ. ಅದು ಬೇಕೆಂದೇ ಹೇಳಿದ ಸುಳ್ಳು. ಅಷ್ಟರಲ್ಲಿ ದಿವ್ಯಾಗೆ ಮೂರು ತಿಂಗಳಾಗಿತ್ತು. ಬಸ್ಸಿನಲ್ಲಿ ಅಷ್ಟು ದೂರ ಬೇಡವೆಂದು ಅವಳನ್ನು ಬಿಟ್ಟು ಶಶಿಕಾಂತ್ ಜೊತೆಗೆ ಬಂದಿದ್ದ. ಹೆರಿಗೆ ನವೆಂಬರಿಗೆ. ಬಾಣಂತನ ಯಾರದು? ಜುಂಜಮ್ಮನದು, ಇನ್ನಾರದು! ದಿವ್ಯಾಗೆ ಅತ್ತೆ ಇಲ್ಲ. ಮೂರು ತಿಂಗಳು ಮಗಳಿಗೆ ಎರೆದು, ಕೂಸನ್ನು ಎತ್ತಿ ಆಡಿಸಬೇಕೆಂದು ಜುಂಜಮ್ಮ ಕಾದು ಕೂತಿದ್ದಳು. ಈಗ ಸೊಂಟ ಎಂದರೆ ಇವರು ಬಿಡುತ್ತಾರೆಯೇ? ಒಂದು ಪರೀಕ್ಷೆ ಎನ್ನುತ್ತಾರೆ, ಹತ್ತು ಪರೀಕ್ಷೆ ಎನ್ನುತ್ತಾರೆ, ಹಿಡಿದು ಮಲಗಿಸುತ್ತಾರೆ. ನಾನು ಇಲ್ಲಿ ಬಿದ್ದಿದ್ದರೆ ಅಲ್ಲಿ ನನ್ನ ಮಗಳನ್ನು ಯಾರು ನೋಡುತ್ತಾರೆ? ಮೊದಲು ಬಾಣಂತನ ಮುಗಿಯಲಿ, ಆಮೇಲೆ ಹೇಳಿದರಾಯಿತು.

"ನೋವೇನಾದರೂ?" ಎಂದರು ಡಾಕ್ಟರು.

"ಇಲ್ಲ ಮೇಡಂ" ಎಂದಳು ಜುಂಜಮ್ಮ, ಕುರ್ಚಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು.

ಜೂನ್ ಹೊತ್ತಿಗೆ ನೋವು ಬಲಗಡೆ ತೊಡೆಯ ಮೇಲಿನ ಚಪ್ಪೆ ಎಲುಬಿಗೂ ಇಳಿದಿತ್ತು. ಭಾನುವಾರ ಒಬ್ಬರ ಸೊಂಟ ತುಳಿಯಲು ಬಲಗಾಲೆತ್ತಿ ಎಡಗಾಲ ಮೇಲೆ ನಿಂತರೆ ಕಣ್ಣಿಗೆ ಕತ್ತಲೆ ಬಂತು. ಗೋಡೆ ಹಿಡಿದುಕೊಂಡು ಹೇಗೋ ಮೂರು ಸಲ ಒತ್ತಿ ಕಳಿಸಿದಳು. ಇದಕ್ಕೊಂದು ದಾರಿ ಮಾಡಲೇಬೇಕು ಎಂದು ಅವತ್ತು ನಿಶ್ಚಯಿಸಿದಳು. ಕಾಲು ಮುಂದಾಗಿ ಹುಟ್ಟಿದವರು ತಮ್ಮ ಬೆನ್ನನ್ನು ತಾವು ತುಳಿದುಕೊಳ್ಳುವುದಕ್ಕಾಗುವುದಿಲ್ಲವಲ್ಲ. ಇನ್ನೊಬ್ಬ ಅಂಥವರೇ ಬೇಕು. ಊರಿಗೆ ಗೊತ್ತಾಗದ ಹಾಗೆ ಬೇರೆ.

ದೇವಸಮುದ್ರದಲ್ಲಿ ಚಿತ್ತಪ್ಪ ಅಂತ ಒಬ್ಬ ಇದ್ದ. ಎಪ್ಪತ್ತು ದಾಟಿದ ಕುರಿಗಾಹಿ ಮುದುಕ, ಅವನದೂ ಕಾಲು ಮುಂದಾಗಿ ಹುಟ್ಟಿದ ಹುಟ್ಟೇ. ಜುಂಜಮ್ಮ ಹಿಂದೆಲ್ಲ, "ಅವನ ಕಾಲೇನು ಕಾಲು, ಕುರಿ ಹಿಕ್ಕೆ ತುಳಿಯೋ ಕಾಲು" ಎಂದು ಆಡಿಕೊಂಡವಳು. ಈಗ ಆ ಕಾಲನ್ನೇ ಹುಡುಕಿಕೊಂಡು ಹೊರಟಳು. ಬಳ್ಳಾರಿ ಬಸ್ಸು ಹತ್ತಿ, ಆಧಾರ್ ಕಾರ್ಡು ತೋರಿಸಿ ಫ್ರೀ ಟಿಕೀಟು ಹರಿಸಿಕೊಂಡು, ರಾಂಪುರದಲ್ಲಿಳಿದು ಆಟೋ ಹಿಡಿದಳು. ಬಸ್ಸು ಕುಲುಕಿದಾಗಲೆಲ್ಲ ಜೀವ ಬಾಯಿಗೆ ಬರುತ್ತಿತ್ತು. ಖಾಲಿ ಸೀಟಿದ್ದರೂ ಕೂರಲಾಗದೆ ಕಂಬಿ ಹಿಡಿದು ನಿಂತೇ ಹೋದಳು.

ಚಿತ್ತಪ್ಪನಿಗೆ ನಗು ತಡೆಯಲಾಗಲಿಲ್ಲ. "ರಾಮ್ಮಾ, ರಾ! ಬಿ.ಜಿ. ಕೆರೆ ಡಾಕ್ಟರಮ್ಮ ನಮ್ಮನೆಗೆ! ಮಳೆ ಬರ್ತೈತೆ ಇವತ್ತು" ಎಂದ, ಆ ಕಡೆಯ ತೆಲುಗು ಬೆರೆಸಿ. ಆಮೇಲೆ ಗೋಣಿಚೀಲ ಹಾಸಿ, ಕಸುಬಿನವನಂತೆ ಕೇಳಿದ: "ಮಲಗಿದ್ರೆ ಕಮ್ಮಿ ಆಗ್ತೈತೇನಮ್ಮ?"

ಎಲಾ ಇವನ! ತಾನು ಕೇಳುವ ಪ್ರಶ್ನೆಯನ್ನೇ ಇವನೂ ಕೇಳುತ್ತಾನಲ್ಲ ಎಂದುಕೊಂಡಳು ಜುಂಜಮ್ಮ. ಯಾವ ಉತ್ತರ ಕೊಟ್ಟರೆ ಕಾಲು ಎತ್ತುತ್ತಾರೆ, ಯಾವುದಕ್ಕೆ ಎತ್ತುವುದಿಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

"ಕಮ್ಮಿ ಆಗ್ತೈತೆ ಚಿತ್ತಪ್ಪಣ್ಣ. ಮಲಗಿದ್ರೆ ಹಾಯಾಗಿರ್ತೈತೆ."

ಚಿತ್ತಪ್ಪ ತುಳಿದ. ಮುದುಕನಾದರೂ ಕುರಿಯ ಹಿಂದೆ ಜನ್ಮವೆಲ್ಲ ನಡೆದ ಕಾಲು, ಕಬ್ಬಿಣ. ಮೊದಲನೇ ಒತ್ತಿಗೆ ಜುಂಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಮೂರನೆಯದಕ್ಕೆ ಕಣ್ಣಿಂದ ನೀರು ತಾನಾಗಿ ಇಳಿಯಿತು. ತಿರುಗಿ ನೋಡದೆ ಹೋಗಬೇಕೆಂಬ ಕಟ್ಟಳೆ ಇದ್ದದ್ದು ಒಳ್ಳೆಯದಾಯಿತು, ಆ ಮುಖವನ್ನು ಯಾರೂ ನೋಡಲಿಲ್ಲ.

ಆ ವಾರವನ್ನು ಹೇಗೆ ಕಳೆದಳೋ! ನಿಂತರೆ ಕೂರಬೇಕು, ಕೂತರೆ ಏಳಬೇಕು. ಶಾಲೆಯಲ್ಲಿ ಅನ್ನ ಬಡಿಸುವಾಗ ಸೌಟು ಕೈಜಾರಿ ಬಿತ್ತು. ಬಲಗಾಲಿನ ಪಾದದಲ್ಲಿ ಇರುವೆ ಹರಿದ ಹಾಗೆ ಜುಮುಜುಮು. "ಜುಂಜಕ್ಕ, ನಿನ್ನ ಮುಖ ಯಾಕೋ ಸರಿ ಇಲ್ಲ ಕಣೇ" ಎಂದ ಚಿನ್ನಕ್ಕನ ಮೇಲೆ, "ನಿನ್ನ ಮುಖ ನೀ ನೋಡ್ಕ ಹೋಗೇ" ಎಂದು ಹರಿಹಾಯ್ದಳು. ಕಟ್ಟಳೆಯ ಪ್ರಕಾರ ಮೂರು ವಾರ ತುಳಿಸಿಕೊಳ್ಳಬೇಕು. ಮೊದಲ ವಾರ ನೋವು ಕೆದರುತ್ತದೆ, ಆಮೇಲೆ ಇಳಿಯುತ್ತದೆ ಎಂದು ತಾನೇ ಎಷ್ಟು ಜನಕ್ಕೆ ಹೇಳಿ ಕಳಿಸಿಲ್ಲ! ಮುಂದಿನ ಭಾನುವಾರ ಮತ್ತೆ ಬಸ್ಸು ಹತ್ತಿದಳು.

ಅವತ್ತು ಚಿತ್ತಪ್ಪನ ಹೆಂಡತಿ ನಿಂಗಕ್ಕ ಮನೆಯಲ್ಲಿದ್ದಳು. ಜುಂಜಮ್ಮನಿಗೆ ಬಗ್ಗಿ ಮಲಗುವುದೇ ಕಷ್ಟವಾದದ್ದನ್ನು ನೋಡಿ, ಕಂಕುಳಿಗೆ ಕೈಕೊಟ್ಟು ಮೆಲ್ಲಗೆ ಬೋರಲು ಮಲಗಿಸಿದಳು. ಹಾಗೆ ಮಲಗಿಸುವಾಗ ಅವಳ ಕೈ ಕುಪ್ಪಸದೊಳಗಿನ ಬಟ್ಟೆ ಉಂಡೆಗೆ ತಾಗಿತು. ಉಂಡೆ ಸರಿದು ಪಕ್ಕಕ್ಕೆ ಬಂತು. ನಿಂಗಕ್ಕ ಸರಿದ ಬಟ್ಟೆಯನ್ನು ನೋಡಿದಳು. ಅತ್ತ ಚಿತ್ತಪ್ಪ ಕಾಲೆತ್ತಿದ್ದ.

"ಏಯ್, ತೆಗಿ ಕಾಲು!" ನಿಂಗಕ್ಕ ಎದ್ದವಳೇ ಗಂಡನ ಕಾಲನ್ನು ಎರಡೂ ಕೈಯಲ್ಲಿ ತಬ್ಬಿ ಹಿಡಿದುಕೊಂಡಳು. ಚಿತ್ತಪ್ಪ ಒಂಟಿಕಾಲಲ್ಲಿ ಕುಂಟುತ್ತ, "ಏಮೇ, ಹುಚ್ಚು ಹಿಡೀತಾ ನಿಂಗೆ, ಬಿದ್ದೋಗ್ತೀನಿ ಬಿಡೇ" ಎಂದು ಕೂಗಾಡಿದ.

"ಬಿದ್ರೆ ಬೀಳು! ಅವಳ ಮೇಲೆ ಕಾಲಿಟ್ರೆ ನೋಡು ಮತ್ತೆ." ನಿಂಗಕ್ಕ ಅವನನ್ನು ಆಚೆ ತಳ್ಳಿ, ಜುಂಜಮ್ಮನ ತಲೆಯ ಹತ್ತಿರ ಕೂತಳು. "ಎದೆ ಯಾವಾಗ ತೆಗೆದ್ರಕ್ಕ?"

"ಮೂರು ವರ್ಷ ಆತು" ಎಂದಳು ಜುಂಜಮ್ಮ ಗೋಣಿಚೀಲಕ್ಕೆ ಮುಖ ಒತ್ತಿಕೊಂಡೇ.

"ಮಲಗಿದ್ರೆ ಕಮ್ಮಿ ಆಗ್ತೈತೆ ಅಂದ್ಯಂತೆ. ದೇವರಾಣೆ ಮಾಡಿ ಹೇಳು."

ಜುಂಜಮ್ಮ ಹೇಳಲಿಲ್ಲ. ನಿಂಗಕ್ಕನಿಗೆ ಅಷ್ಟು ಸಾಕಾಯಿತು. ಅವಳ ಅಕ್ಕನನ್ನು ರಾಯದುರ್ಗಕ್ಕೆ ಕೊಟ್ಟಿದ್ದರು. ಅವಳಿಗೂ ಹೀಗೇ ಮೊದಲು ಎದೆ, ಎರಡು ವರ್ಷ ಬಿಟ್ಟು ಬೆನ್ನು. ಬೆನ್ನುನೋವೆಂದು ಎಣ್ಣೆ ತಿಕ್ಕಿಸಿ, ಬರೆ ಹಾಕಿಸಿ, ಕೊನೆಗೆ ಒಂದು ಬೆಳಿಗ್ಗೆ ಏಳಲು ಹೋದರೆ ಎರಡು ಕಾಲೂ ಇಲ್ಲ. ಇವೆ, ಆದರೆ ಇಲ್ಲ. "ಎಲುಬಿಗೆ ಇಳಿದಿತ್ತಂತೆ ಕಣಕ್ಕ. ಆಮೇಲೆ ಆರು ತಿಂಗಳು ಬದುಕಿದ್ಲು, ಹಾಸಿಗೆ ಮೇಲೇ ಎಲ್ಲ. ಮೊದ್ಲೇ ಬಂದಿದ್ರೆ ಕಾಲು ಉಳಿಸ್ತಿದ್ವಿ ಅಂದ್ರು ಡಾಕ್ಟ್ರು" ಎಂದಳು ನಿಂಗಕ್ಕ.

ಚಿತ್ತಪ್ಪ ಮೂಲೆಯಲ್ಲಿ ತಲೆಯ ಮೇಲೆ ಕೈಹೊತ್ತು ಕುಸಿದಿದ್ದ. "ನಾನು ತುಳಿದುಬಿಟ್ಟೆನಲ್ಲಮ್ಮಾ. ಸುಳ್ಳು ಯಾಕೆ ಹೇಳ್ದೆ ತಾಯಿ? ಏನಾದ್ರೂ ಹೆಚ್ಚುಕಮ್ಮಿ ಆಗಿದ್ರೆ ಆ ಪಾಪ ನಾನೆಲ್ಲಿ ಕಳೀಲಿ?" ಎಂದು ಅಳುವುದಕ್ಕೇ ಶುರುಮಾಡಿದ.

ಜುಂಜಮ್ಮನಿಗೆ ಆ ಕ್ಷಣದಲ್ಲಿ ಬೇಕಾದದ್ದು ಒಂದೇ. ಎದ್ದು ಓಡಬೇಕು, ಬಸ್ಸು ಹತ್ತಬೇಕು, ಅಂಗಳ ಗುಡಿಸಬೇಕು, ಏನಾದರೂ ಮಾಡುತ್ತಲೇ ಇರಬೇಕು. ನಿಂಗಕ್ಕ ಬಿಡಲಿಲ್ಲ. ಅವಳ ಮೊಬೈಲು ಕಿತ್ತುಕೊಂಡು, "ಮಗಳು ನಂಬರು ಯಾವ್ದು, ತೋರಿಸು" ಎಂದಳು. ಎರಡು ಗಂಟೆ ಕಳೆಯುವುದರಲ್ಲಿ ಶಶಿಕಾಂತ್ ಬಾಡಿಗೆ ಕಾರು ಮಾಡಿಕೊಂಡು ದಿವ್ಯಾಳನ್ನೂ ಕರೆತಂದ.

ದಿವ್ಯಾ ಕೂಗಾಡುತ್ತಾಳೆ, ಬೈಯುತ್ತಾಳೆ, ತಾನೂ ತಿರುಗಿ ಬೈದರಾಯಿತು ಎಂದು ಜುಂಜಮ್ಮ ತಯಾರಾಗಿದ್ದಳು. ದಿವ್ಯಾ ನಿಂಗಕ್ಕ ಹೇಳಿದ್ದನ್ನೆಲ್ಲ ಕೇಳಿದಳು. ದಸರೆಯಿಂದಲೇ ನೋವಿತ್ತು ಎಂಬುದನ್ನೂ ಕೇಳಿದಳು. ಬಾಣಂತನಕ್ಕಾಗಿ ಮುಚ್ಚಿಟ್ಟೆ ಎಂಬ ಮಾತು ಬಂದಾಗ ಎದ್ದು ಹೊರನಡೆದಳು. ಒಂದು ಮಾತೂ ಆಡದೆ ಕಾರಿನ ಮುಂದಿನ ಸೀಟಿನಲ್ಲಿ ಕೂತಳು. ದೇವಸಮುದ್ರದಿಂದ ಚಳ್ಳಕೆರೆಯವರೆಗೆ ಅವಳ ಜಡೆಯನ್ನು ನೋಡುತ್ತಲೇ ಜುಂಜಮ್ಮ ಬಂದಳು. ಮಾರನೇ ದಿನ ಬೆಂಗಳೂರಿಗೂ ದಿವ್ಯಾ ಬಂದೇ ಬಂದಳು, ಯಾರು ಬೇಡವೆಂದರೂ ಕೇಳಲಿಲ್ಲ. ಆದರೆ ಅವ್ವನ ಜೊತೆ ಮಾತಿಲ್ಲ. ಬೇಕಾದದ್ದನ್ನು ಗಂಡನಿಗೆ ಹೇಳುವಳು, ಅವನು ಅತ್ತೆಗೆ ಹೇಳುವನು. ಇಬ್ಬರ ನಡುವೆ ಆ ಹುಡುಗ ಅಪ್ಪಚ್ಚಿಯಾದ.

ಡಾಕ್ಟರ್ ನಾಗರತ್ನ ಜುಂಜಮ್ಮನ ಬೆನ್ನುಮೂಳೆಯ ಮೇಲೆ ಬೆರಳಿನಿಂದ ಒಂದೊಂದಾಗಿ ತಟ್ಟುತ್ತ ಬಂದರು. ಸೊಂಟದ ಹತ್ತಿರ ಬಂದಾಗ ಜುಂಜಮ್ಮ ಮಂಚದಿಂದ ಎಗರಿಬಿದ್ದಳು. ಪಾದದ ಜುಮುಜುಮು ಕೇಳಿ ಡಾಕ್ಟರರ ಮುಖ ಬಿಗಿಯಿತು. ಕಾಲುಗಳನ್ನು ಎತ್ತಿಸಿ, ಮಡಿಸಿ, ಅಂಗಾಲಿಗೆ ಗೀಚಿ ನೋಡಿದರು. ರಕ್ತ ಪರೀಕ್ಷೆಗೆ ಬರೆದರು, ಎಲುಬಿನ ಸ್ಕ್ಯಾನಿಗೆ ಬರೆದರು, ಬೆನ್ನುಹುರಿಗೆ ಪೆಟ್ಟಾಗಿದೆಯೇ ನೋಡಲು ಎಂ.ಆರ್.ಐ. ಅವತ್ತೇ ಆಗಬೇಕೆಂದು ಬರೆದರು. ಭಾರ ಎತ್ತಬೇಡಿ, ಬಗ್ಗಬೇಡಿ, ಹೆಚ್ಚು ಓಡಾಡಬೇಡಿ, ಯಾರ ಕೈಯಲ್ಲೂ ತಿಕ್ಕಿಸಬೇಡಿ, ತುಳಿಸಬೇಡಿ ಎಂದು ಮೂರು ಮೂರು ಸಲ ಹೇಳಿದರು.

"ಎಲ್ಲರಿಗೂ ನಾವು ಎಲುಬಿನ ಸ್ಕ್ಯಾನ್ ಮಾಡುವುದಿಲ್ಲ ಜುಂಜಮ್ಮ. ನೋವು ಅಂದವರಿಗೆ ಮಾಡುತ್ತೇವೆ. ನೀವು ಬಾಯಿಬಿಟ್ಟು ಹೇಳಿದರೆ ತಾನೆ ನನಗೆ ಗೊತ್ತಾಗುವುದು?" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಜುಂಜಮ್ಮನಿಗೆ.

ಎಂ.ಆರ್.ಐ. ಮುಗಿದ ಮರುದಿನ ಬೆಳಿಗ್ಗೆ ಎಲುಬಿನ ಸ್ಕ್ಯಾನು. ಮೊದಲು ಕೈನರಕ್ಕೆ ಒಂದು ಸೂಜಿಮದ್ದು ಕೊಟ್ಟರು. ಅದು ಎಲುಬುಗಳಿಗೆಲ್ಲ ಸೇರಿಕೊಳ್ಳಲು ಮೂರು ಗಂಟೆ ಬೇಕು, ಅಲ್ಲಿಯವರೆಗೆ ಚೆನ್ನಾಗಿ ನೀರು ಕುಡಿಯುತ್ತಿರಿ ಎಂದರು. ಆಮೇಲೆ ಅಲ್ಲಿನ ಸಿಸ್ಟರು, "ಮನೆಯವರಲ್ಲಿ ಯಾರಾದರೂ ಗರ್ಭಿಣಿ ಇದ್ದಾರಾ? ಇವತ್ತೊಂದು ದಿನ ಅವರ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಎತ್ತಿಕೊಳ್ಳಬೇಡಿ. ಮದ್ದಿನ ಕಿರಣ ಮೈಯಲ್ಲಿರುತ್ತೆ" ಎಂದರು.

ಸರಿ, ದಿವ್ಯಾಳನ್ನು ಶಶಿಕಾಂತ್ ಹೊರಗೆ ಗೇಟಿನ ಪಕ್ಕದ ಹೊಂಗೆಮರದ ಕೆಳಗೆ ಕೂರಿಸಿ ಬಂದ. ಮಾತು ಬಿಟ್ಟ ಮಗಳ ಪಕ್ಕದಲ್ಲಿ ಕೂರುವ ಭಾಗ್ಯವೂ ಇಲ್ಲದ ಹಾಗಾಯಿತು. ಜುಂಜಮ್ಮನಿಗೆ ಕೂರಲಾಗಲಿಲ್ಲ. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಸೊಂಟ ಹಿಡಿದುಕೊಂಡು ನಡೆದಳು. ಆ ತುದಿಯ ಕಿಟಕಿಯಲ್ಲಿ ಇಣುಕಿದರೆ ಮರದ ಕೆಳಗೆ ದಿವ್ಯಾ ಕಾಣುತ್ತಿದ್ದಳು. ನೀರು ಕುಡಿಯುವುದು, ನಡೆಯುವುದು, ಇಣುಕುವುದು. ಮತ್ತೆ ನಡೆಯುವುದು. "ಅತ್ತೆ, ಕೂತ್ಕಳಿ, ಡಾಕ್ಟ್ರು ಓಡಾಡಬೇಡಿ ಅಂದವ್ರೆ" ಎಂದು ಶಶಿಕಾಂತ್ ನೂರು ಸಲ ಅಂದಿರಬೇಕು. ಒಂದು ಸಲ ಇಣುಕಿದಾಗ ದಿವ್ಯಾ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು ಕೂತಿದ್ದಳು, ಭುಜ ಅಲುಗುತ್ತಿತ್ತು. ಜುಂಜಮ್ಮ ಕಿಟಕಿಯ ಸರಳು ಹಿಡಿದುಕೊಂಡು, ಅಲ್ಲಿಗೆ ಕೇಳುವುದಿಲ್ಲವೆಂದು ಗೊತ್ತಿದ್ದರೂ, "ಅಳಬ್ಯಾಡ ಕಣವ್ವ, ಹೊಟ್ಟೆಯಾಗಿನ ಕೂಸಿಗೆ ಆಗಲ್ಲ" ಎಂದಳು.

ಮೆಷಿನ್ನಿನ ಕೆಳಗೆ ಅರ್ಧ ಗಂಟೆ ಅಲ್ಲಾಡದೆ ಅಂಗಾತ ಮಲಗಬೇಕಿತ್ತು. ಬೆನ್ನು ಹಲಗೆಗೆ ತಾಗಿದ್ದೇ ತಡ ನೋವು ಎದ್ದು ಕೂತಿತು. ಅಲ್ಲಿ ಎದ್ದು ಗುಡಿಸಲು ಅಂಗಳವಿರಲಿಲ್ಲ, ತಿರುವಲು ಸೌಟಿರಲಿಲ್ಲ. ನೋವಿನ ಜೊತೆ ಒಬ್ಬಳೇ ಮಲಗಿದ್ದಾಗ, ಎಂಟು ತಿಂಗಳಿಂದ ಅಡ್ಡಾದಿಡ್ಡಿ ಓಡಿದ್ದೆಲ್ಲ ಇದರಿಂದ ತಪ್ಪಿಸಿಕೊಳ್ಳುವುದಕ್ಕೇ ಎಂದು ಅವಳಿಗೆ ಸ್ಪಷ್ಟವಾಯಿತು. ನಾಚಿಕೆಯಿಂದ ಹೇಳಲಿಲ್ಲ ಅಂದುಕೊಂಡಿದ್ದಳು, ಬಾಣಂತನಕ್ಕೆಂದು ಹೇಳಲಿಲ್ಲ ಅಂದುಕೊಂಡಿದ್ದಳು. ಎರಡೂ ಹೌದು. ಆದರೆ ಇವೆರಡರ ಕೆಳಗೆ ಇದ್ದದ್ದು ಬರೀ ಹೆದರಿಕೆ. ಮತ್ತೆ ಬಂದಿದೆ ಎಂದು ಯಾರಾದರೂ ಹೇಳಿಬಿಟ್ಟಾರು ಎಂಬ ಹೆದರಿಕೆ. ಊರಿನ ಗಂಡಸರನ್ನೆಲ್ಲ ಬೋರಲು ಹಾಕಿ ಗದರಿಸಿದ ಜುಂಜಮ್ಮ, ಕಣ್ಣು ಮುಚ್ಚಿಕೊಂಡು ಹೆದರಿ ನಡುಗಿದಳು.

ಮರುದಿನ ಮಧ್ಯಾಹ್ನ ಮೂವರನ್ನೂ ಒಳಗೆ ಕರೆದರು. ಗೋಡೆಯ ದೀಪದ ಪೆಟ್ಟಿಗೆಯ ಮೇಲೆ ಜುಂಜಮ್ಮನ ಎಲುಬಿನ ಗೂಡಿನ ಚಿತ್ರವಿತ್ತು. ಸೊಂಟದ ಎರಡು ಬೆನ್ನುಮೂಳೆ, ಬಲಗಡೆ ಚಪ್ಪೆ, ಎಡಗಡೆ ಒಂದು ಪಕ್ಕೆಲುಬು, ಇಷ್ಟರಲ್ಲಿ ಕಪ್ಪಗೆ ಕಲೆ ಕಾಣುತ್ತಿತ್ತು. ಡಾಕ್ಟರ್ ನಾಗರತ್ನ ಸುತ್ತಿ ಬಳಸಲಿಲ್ಲ.

"ಎದೆಯ ಕ್ಯಾನ್ಸರ್ ಎಲುಬಿಗೆ ಹರಡಿದೆ ಜುಂಜಮ್ಮ."

ಜುಂಜಮ್ಮ ಚಿತ್ರವನ್ನು ನೋಡಿದಳು. ತುಳಿದ ಜಾಗ ಎಲ್ಲಿ ಬರುತ್ತದೆ ಎಂದು ಅವಳಿಗೆ ಯಾರೂ ತೋರಿಸಬೇಕಾಗಿರಲಿಲ್ಲ. "ಕಾಲು ಹೋಗ್ತಾವಾ?" ಎಂದಳು.

"ಹೋಗಿಲ್ಲ. ಒಂದು ಮೂಳೆ ಬಹಳ ಸವೆದಿದೆ, ಕುಸಿಯುವುದೊಂದು ಬಾಕಿ. ಬೆನ್ನುಹುರಿಯ ಪಕ್ಕಕ್ಕೇ ಬಂದಿದೆ, ಆದರೆ ಇನ್ನೂ ಅದನ್ನು ಒತ್ತಿಲ್ಲ. ಇನ್ನೊಂದು ಸಲ ತುಳಿಸಿಕೊಂಡಿದ್ದರೆ ನಾನು ಈ ಮಾತು ಹೇಳಲು ಆಗುತ್ತಿರಲಿಲ್ಲ. ನಾಳೆಯೇ ಸೊಂಟಕ್ಕೆ ರೇಡಿಯೇಷನ್ ಶುರು. ಎಲುಬು ಗಟ್ಟಿಯಾಗಲು ಇಂಜೆಕ್ಷನ್ ಇದೆ, ಮಾತ್ರೆ ಬದಲಾಯಿಸುತ್ತೇನೆ. ಸೊಂಟಕ್ಕೆ ಬೆಲ್ಟು ಕಟ್ಟಬೇಕು. ನಡೆಯುತ್ತೀರಿ."

"ವಾಸಿ ಆಗ್ತೈತಾ?"

ಡಾಕ್ಟರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. "ಪೂರ್ತಿ ಹೋಗುವುದಿಲ್ಲ. ಇರುತ್ತದೆ. ಅದನ್ನು ಅಲ್ಲೇ ಹಿಡಿದಿಡುತ್ತೇವೆ. ಹೀಗೆ ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಬದುಕಿದವರು ನನ್ನ ಹತ್ತಿರ ಬರುತ್ತಾರೆ. ನಿಮಗೆ ಎಷ್ಟು ವರ್ಷ ಎಂದು ಮಾತ್ರ ಕೇಳಬೇಡಿ, ನನಗೆ ಗೊತ್ತಿಲ್ಲ."

ಜುಂಜಮ್ಮ ಕೇಳಲಿಲ್ಲ. ಶಶಿಕಾಂತ್ ನೆಲ ನೋಡುತ್ತಿದ್ದ. ದಿವ್ಯಾ ಗೋಡೆಯ ಚಿತ್ರದ ಮೇಲಿಟ್ಟ ಕಣ್ಣು ತೆಗೆದಿರಲಿಲ್ಲ, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡಿದ್ದಳು. ಡಾಕ್ಟರು ಇನ್ನು ಮುಂದೆ ಮಾಡಬಾರದ್ದನ್ನೆಲ್ಲ ಹೇಳುತ್ತ ಹೋದರು. ಬಿಸಿಯೂಟದ ಕೆಲಸ ಬಿಡಬೇಕು. ನೆಲದ ಮೇಲೆ ಕೂರಬಾರದು. ಬಿಂದಿಗೆ ಹೊರಬಾರದು. ಒಂಟಿಕಾಲ ಮೇಲೆ ನಿಲ್ಲಬಾರದು, ಯಾರ ಸೊಂಟವನ್ನೂ ತುಳಿಯಬಾರದು. ಮೂರು ನಾಲ್ಕು ಕೆಜಿಗಿಂತ ಹೆಚ್ಚಿನ ಭಾರವನ್ನು ಕೈಯಲ್ಲಿ ಎತ್ತಲೇಬಾರದು.

ಒಂದೊಂದಕ್ಕೂ ಜುಂಜಮ್ಮ ಹೂಂ ಎನ್ನುತ್ತಿದ್ದಳು. ಕೊನೆಯದಕ್ಕೆ ಎನ್ನಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಸುತ್ತುತ್ತ ಕೂತಳು.

"ಏನಾದರೂ ಕೇಳಬೇಕಿತ್ತಾ?" ಎಂದರು ಡಾಕ್ಟರು. "ಈಗಲಾದರೂ ಮುಚ್ಚಿಡಬೇಡಿ."

"ಹುಟ್ಟಿದ ಕೂಸು ಎಷ್ಟು ತೂಕ ಇರ್ತೈತ್ರೀ ಮೇಡಂ?"

ಡಾಕ್ಟರ್ ನಾಗರತ್ನ ಬರೆಯುತ್ತಿದ್ದ ಪೆನ್ನು ನಿಂತಿತು. ಅವರು ಜುಂಜಮ್ಮನನ್ನು ನೋಡಿದರು, ಪಕ್ಕದಲ್ಲಿದ್ದ ಮಗಳ ಹೊಟ್ಟೆಯನ್ನು ನೋಡಿದರು.

"ಮೂರು ಕೆಜಿ. ಹೆಚ್ಚೆಂದರೆ ಮೂರೂವರೆ" ಎಂದರು ನಿಧಾನವಾಗಿ. "ಬಗ್ಗಿ ಎತ್ತಿಕೊಳ್ಳಬಾರದು. ಕೈ ಇರುವ ಕುರ್ಚಿಯಲ್ಲಿ ನೆಟ್ಟಗೆ ಕೂತು, ಯಾರಾದರೂ ತಂದು ಕೈಗೆ ಕೊಟ್ಟರೆ ಎತ್ತಿಕೊಳ್ಳಬಹುದು."

"ಯಾರು ತಂದು ಕೊಡ್ತಾರೆ" ಎಂದು ಜುಂಜಮ್ಮ ತನ್ನಷ್ಟಕ್ಕೆ ಎಂಬಂತೆ ಅಂದಳು.

ದೇವಸಮುದ್ರ ಬಿಟ್ಟ ಮೇಲೆ ಮೊದಲ ಸಲ ದಿವ್ಯಾ ಅವ್ವನ ಕಡೆಗೆ ತಿರುಗಿದಳು. ಅವಳ ಮೂಗು ಕೆಂಪಾಗಿತ್ತು, ಸಿಟ್ಟು ಇನ್ನೂ ಹಾಗೇ ಇತ್ತು.

"ನಾನು ಕೊಡ್ತೀನಿ ಕಣವ್ವ" ಎಂದಳು.